ಹಿಂದಿನ ಬೆಂಚಿನ ಬಹಮನಿ ರಾಜ್ಯ

ನಮ್ಮ ಇತಿಹಾಸದ ಮಾಸ್ತರು ತೀರಿಕೊಂಡ ಸುದ್ದಿ ಈ ಮಳೆಗಾಲದಲ್ಲಿ ಬಂತು. ಶಿರಸಿಯ ಈ ಶಾಲೆಯಲ್ಲಿ ಅವರ ಕೈಯಲ್ಲಿ ಕಲಿತವರಿಗೆಲ್ಲ ಅವರ ಪ್ರಶ್ನೆ ನೆನಪಿರುತ್ತದೆ: "ಗೆದ್ದಿದ್ದು ಸರಿ ತಮಾ, ಆಳಿದ್ದು ಹೇಗೆ?"

ಯುದ್ಧಗಳನ್ನು ಅವರು ಎರಡು ಮಾತಿನಲ್ಲಿ ಮುಗಿಸುತ್ತಿದ್ದರು. ಆಡಳಿತಕ್ಕೆ ಬಂದರೆ ಗಂಟೆ ಹೊಡೆದದ್ದೂ ಕೇಳಿಸುತ್ತಿರಲಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನ ಅವರಿಗೆ ಬಾಯಿಪಾಠ. ದೊರೆ ಅಶೋಕ ಇರುವುದು ದೂರದ ಪಾಟಲಿಪುತ್ರದಲ್ಲಿ. ದಕ್ಷಿಣದ ಸುವರ್ಣಗಿರಿಯಲ್ಲಿರುವ ರಾಜಕುಮಾರ ಮತ್ತು ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಮೊದಲು ಇಸಿಲ ಎಂಬ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸುತ್ತಾರೆ, ಆಮೇಲೆ ಆಜ್ಞೆ ತಿಳಿಸುತ್ತಾರೆ. ಬರೆದವನು ಚಪಡ. ಕೊನೆಯಲ್ಲಿ 'ಲಿಪಿಕಾರ' ಎಂಬ ಪದವನ್ನು ಮಾತ್ರ ವಾಯವ್ಯ ಗಡಿಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. "ಇಷ್ಟು ಕೈ ದಾಟಿದ ಮಾತು ಕೆಡದೆ ಉಳಿಯಬೇಕಲ್ಲ, ಕಷ್ಟ ಇರುವುದೇ ಅಲ್ಲಿ" ಎನ್ನುತ್ತಿದ್ದರು.

ಒಂದು ದಿನ ಅದನ್ನೇ ಮಾಡಿ ತೋರಿಸಲು ಹೊರಟರು. ಮೊದಲ ಬೆಂಚಿನವನ ಕಿವಿಯಲ್ಲಿ "ನಾಳೆ ಎಲ್ಲರೂ ನಕಾಶೆ ತರಬೇಕು" ಎಂದರು. ನಡುವಿನ ಬೆಂಚಿನಲ್ಲಿ ನಾವು ಅದನ್ನು "ನಾಳೆ ರಜೆ" ಎಂದು ದಾಟಿಸಿದೆವು. ಹಿಂದಿನ ಬೆಂಚಿನವರು ಮರುದಿನ ಬರಲೇ ಇಲ್ಲ! ಮಾಸ್ತರು ಬೆತ್ತ ಮುಟ್ಟಲಿಲ್ಲ. ಸೀದಾ ಹಿಂದೆ ಹೋಗಿ, ಖಾಲಿ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ 'ಬಹಮನಿ, 1347' ಎಂದು ಬರೆದರು. ಆಮೇಲೆ ತುಘಲಕನ ಪಾಠ. ದಕ್ಷಿಣ ಕೈಯಲ್ಲಿರಲಿ ಎಂದು 1327ರಲ್ಲಿ ರಾಜಧಾನಿಯನ್ನೇ ದೇವಗಿರಿಗೆ ತಂದ. ಆದರೂ 1336ಕ್ಕೆ ವಿಜಯನಗರ ಎದ್ದಿತು. ಮುಂದೆ ಅವನ ಅಧಿಕಾರಿಗಳೇ ದಖ್ಖನಿನಲ್ಲಿ ತಿರುಗಿಬಿದ್ದರು. ಅಡಗಿಸಲು ಬಂದವನಿಗೆ ಗುಜರಾತಿನಲ್ಲಿ ದಂಗೆ ಎಂಬ ಸುದ್ದಿ. ಅತ್ತ ಹೋದ, ಇತ್ತ ಹಸನ ಗಂಗೂ ಬಹಮನಿ ರಾಜ್ಯ ಕಟ್ಟಿ ಸುಲ್ತಾನನಾದ. ಒಬ್ಬನೇ ಮನುಷ್ಯ ಎಷ್ಟು ಕಡೆ ಓಡಬೇಕು, ಅಲ್ವಾ?

ಈಗಿನ ಮಕ್ಕಳು 1327ಕ್ಕೆ ಗುರುತು ಹಾಕಿ ಒಂದು ಅಂಕ ತೆಗೆದುಕೊಳ್ಳುತ್ತಾರೆ. ಯಾಕೆ ಬಂದ, ಬಂದರೂ ಯಾಕೆ ಉಳಿಯಲಿಲ್ಲ ಎಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ನನಗೆ ಇದು ತುಂಬಾ ಬೇಸರದ ಸಂಗತಿ.

ನಾನು ಈಗ ಕಾರವಾರದಲ್ಲಿ ಸರಕಾರಿ ನೌಕರಿಯಲ್ಲಿದ್ದೇನೆ. ನಾನು ಬರೆದ ಸುತ್ತೋಲೆ ಜೋಯಿಡಾದ ಮೂಲೆಯ ಹಳ್ಳಿಯಲ್ಲೂ ಸಲೀಸಾಗಿ ಅರ್ಥವಾಗುತ್ತದೆ ಎಂದು ಜೊತೆಯವರು ಹೇಳುತ್ತಾರೆ. ಕಳಿಸಿ ಸುಮ್ನೆ ಕೂರುವುದಿಲ್ಲ. ತಲುಪಿತೇ, ಏನೆಂದು ತಲುಪಿತು ಎಂದು ಫೋನ್ ಮಾಡಿ ಕೇಳುತ್ತೇನೆ. ಇದು ಮಾಸ್ತರು ಕಲಿಸಿದ್ದು.

ಅವರು ಕೈಯಾರೆ ಬರೆದ ಮೌರ್ಯರ ಕಾಲದ ನಕಾಶೆ ಶಾಲೆಯ ಕಪಾಟಿನಲ್ಲಿ ಇರಬೇಕು. ದಯವಿಟ್ಟು ಹುಡುಕಿ ಕಟ್ಟು ಹಾಕಿಸಿ, ಎಂಟನೇ ತರಗತಿಯ ಗೋಡೆಗೆ ತೂಗುಹಾಕಿ. ಖರ್ಚು ನಾನು ಕೊಡುತ್ತೇನೆ.