ಹದಿಮೂರು ವರ್ಷದ ಹುಡುಗನಿಗೆ ಏನು ಕೊಡಬೇಕು ಅಂತ ಕೇಳುವವರಿಗೆ

ಡಿಸೆಂಬರ್ ಬಂತು ಅಂದರೆ ಶುರು. ‘ಅಕ್ಕಾರ, ಹದಿಮೂರು ವರ್ಷದ ಹುಡುಗಗ ಕ್ರಿಸ್‌ಮಸ್ಸಿಗೆ ಏನ್ ಕೊಡಬೇಕ್ರಿ? ಐನೂರರೊಳಗ ಇರಲಿ.’ ಬೆಳಗಾವಿ ಕ್ಯಾಂಪಿನಲ್ಲಿ ನಮ್ಮದು ಸ್ಟೇಷನರಿ ಮತ್ತು ಆಟದ ಸಾಮಾನಿನ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಗಲ್ಲಾದ ಮೇಲೆ ನಾನೇ ಕೂರುತ್ತೇನೆ. ಅಂಗಡಿಯಲ್ಲಿ ಕೇಳುತ್ತಾರೆ, ಚರ್ಚಿನ ಬಾಗಿಲಲ್ಲಿ ಕೇಳುತ್ತಾರೆ, ಮದುವೆ ಊಟಕ್ಕೆ ಕೂತಾಗಲೂ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ಸಿಟ್ಟು ಹೇಳಿಬಿಡುತ್ತೇನೆ. ವಯಸ್ಸು ಹೇಳುತ್ತೀರಿ. ಹುಡುಗನೋ ಹುಡುಗಿಯೋ ಹೇಳುತ್ತೀರಿ. ರೇಟು ಹೇಳುತ್ತೀರಿ. ಮುಗೀತು. ಇಷ್ಟೇ ಗೊತ್ತಿದ್ದರೆ ಬನಿಯನ್ ಕೊಡಬಹುದು, ಉಡುಗೊರೆ ಕೊಡೋಕಾಗಲ್ಲ. ಅದರ ಜೊತೆಗೆ ಇನ್ನೊಂದು ಮಾತು: ‘ಈಗಿನ ಹುಡುಗ್ರಿಗೆ ಏನ್ ಕೊಟ್ರೂ ಸಮಾಧಾನ ಇಲ್ಲ ಬಿಡ್ರಿ.’ ಇದನ್ನು ಕೇಳಿದರೆ ಮೈ ಉರಿಯುತ್ತದೆ. ಊರೆಲ್ಲ ಹುಡುಕಿದ ಹಸಿರು ಇಂಕಿನ ರೀಫಿಲ್ ನನ್ನ ಹತ್ತಿರ ಸಿಕ್ಕಿತು ಅಂತ ಒಬ್ಬ ಹುಡುಗ ಮೆಟ್ಟಿಲ ಮೇಲೇ ಕುಣಿದಿದ್ದಾನೆ. ಅವನಿಗೆ ಹದಿನಾಲ್ಕು ವರ್ಷ.

ನಾಲ್ಕು ವರ್ಷದ ಹಿಂದಿನ ಮಾತು. 23ನೇ ತಾರೀಖು ರಾತ್ರಿ, ಅಂಗಡಿ ತುಂಬ ಜನ. ಪರಿಚಯದ ತಾಯಿಯೊಬ್ಬರು ಬಂದರು. ಮಗಳಿಗೆ ಹನ್ನೆರಡು. ‘ಓದಾಕ ಉಪಯೋಗ ಆಗೋದು ಏನಾರ ಕೊಡ್ರಿ’ ಅಂದರು. ಗಡಿಬಿಡಿಯಲ್ಲಿ ಒಂದು ಟೇಬಲ್ ಲ್ಯಾಂಪ್ ಕೊಟ್ಟೆ. ಒಳ್ಳೆಯ ಲ್ಯಾಂಪೇ. ಕೆಂಪು ಕಾಗದ ಸುತ್ತಿ ಮೇಲೊಂದು ರಿಬ್ಬನ್ ಹೂವು ಅಂಟಿಸಿದೆ.

ಜನವರಿ ಮೊದಲ ವಾರ ಆ ಹುಡುಗಿ ಒಬ್ಬಳೇ ಬಂದಳು. ಲ್ಯಾಂಪಿನ ಡಬ್ಬಿಯನ್ನು ಎದೆಗೆ ಅವಚಿಕೊಂಡಿದ್ದಳು. ಕೆಂಪು ಕಾಗದವನ್ನು ಎಲ್ಲೂ ಹರಿಯದಂತೆ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಡಬ್ಬಿಯ ಮೇಲೆ ಇಟ್ಟಿದ್ದಳು. ರಿಬ್ಬನ್ ಹೂವೂ ಹಾಗೇ ಇತ್ತು. ‘ಆಂಟಿ, ಇದನ್ನ ವಾಪಸ್ ತಗೋತೀರೇನ್ರಿ? ಮಮ್ಮಿಗೆ ಹೇಳಬ್ಯಾಡ್ರಿ.’

ಬದಲಿಗೆ ಏನು ಬೇಕು ಅಂದೆ. ಚೀಲದಿಂದ ಗಣಿತದ ನೋಟ್‌ಬುಕ್ ತೆಗೆದು ಕೊನೆಯ ಪುಟ ತೋರಿಸಿದಳು. ಕೋಟೆ ಕೆರೆ ಬಿಡಿಸಿದ್ದಳು, ವಾಟರ್ ಕಲರ್‌ನಲ್ಲಿ. ಕೆರೆಯ ನೀಲಿ ಹಿಂದಿನ ಪುಟದ ಲೆಕ್ಕಗಳ ಮೇಲೆಲ್ಲ ಇಳಿದಿತ್ತು. ಹಾಳೆ ಕರಿದ ಹಪ್ಪಳದ ಹಾಗೆ ಸೊಟ್ಟ ಆಗಿತ್ತು. ‘ನೀರು ಹಚ್ಚಿದ್ರ ಕಾಗದ ಏಳತೈತ್ರಿ. ಏಳಲಾರದ್ದು ಇರತೈತೇನ್ರಿ?’

ಇರುತ್ತದೆ. ಕಾಗದದ ದಪ್ಪ ಲೆಕ್ಕ ಹಾಕುವುದು ಜಿಎಸ್‌ಎಂನಲ್ಲಿ, ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅಂತ. ನೋಟ್‌ಬುಕ್ ಹಾಳೆ 70ರ ಆಸುಪಾಸು, ಕೆಲವು ಅದಕ್ಕಿಂತಲೂ ಕಡಿಮೆ. ವಾಟರ್ ಕಲರ್‌ಗೆ 300 ಇದ್ದರೆ ನೀರು ಕುಡಿದರೂ ಅಷ್ಟಾಗಿ ಏಳುವುದಿಲ್ಲ. ಅಂಥ ಪ್ಯಾಡು ನಮ್ಮ ಮೇಲಿನ ಕಪಾಟಿನಲ್ಲೇ ಇತ್ತು. ಆ ಹುಡುಗಿ ಪೆನ್ಸಿಲ್ಲಿಗೆ ಬಂದಾಗೆಲ್ಲ ಬ್ರಷ್ಷುಗಳ ಹತ್ತಿರ ನಿಂತು, ಒಂದನ್ನು ಎತ್ತಿ ಅಂಗೈ ಮೇಲೆ ಎಳೆದು ನೋಡಿ, ಹಾಗೇ ವಾಪಸ್ ಇಟ್ಟು ಹೋಗುತ್ತಿದ್ದಳು. ನಾನು ಎಷ್ಟೋ ಸಲ ನೋಡಿದ್ದೆ. ಅವಳ ತಾಯಿ ಬಂದ ರಾತ್ರಿ ಅದು ನನಗೆ ನೆನಪಾಗಲಿಲ್ಲ. ಇವತ್ತಿಗೂ ಮನಸ್ಸು ಕೊರೆಯುತ್ತದೆ. ಲ್ಯಾಂಪ್ ವಾಪಸ್ ತಗೊಂಡು ಪ್ಯಾಡು, ಎರಡು ಬ್ರಷ್ಷು ಕೊಟ್ಟೆ. ತಾಯಿಗೆ ನಾನೇ ಫೋನ್ ಮಾಡಿ, ತಪ್ಪು ನನ್ನದು, ಅವಳನ್ನ ಬಯ್ಯಬೇಡಿ ಅಂದೆ.

ಹಾಗಾಗಿ ನೀವು ನನ್ನನ್ನು ಕೇಳಬೇಕಾದದ್ದು ಬೇರೆ. ‘ನನ್ನ ಮಗ ನಿಮ್ಮ ಅಂಗಡಿಗೆ ಬಂದಾಗ ಎಲ್ಲಿ ನಿಲ್ತಾನ್ರಿ?’ ಇಪ್ಪತ್ತೆರಡು ವರ್ಷದಲ್ಲಿ ಒಬ್ಬರೂ ಇದನ್ನು ಕೇಳಿಲ್ಲ. ನನಗೆ ಗೊತ್ತಿರುತ್ತದೆ ಅಲ್ವಾ! ಬಿಲ್ಲಿಗೆ ಕಾಯುವಾಗಲೂ ರೂಬಿಕ್ ಕ್ಯೂಬ್ ತಿರುಗಿಸುವ ಹುಡುಗನಿದ್ದಾನೆ. ‘ಅದು ಮನ್ಯಾಗ ಐತ್ರಿ’ ಅಂತ ಅವರಪ್ಪ ಬೇರೆ ಏನೋ ಒಯ್ಯುತ್ತಾರೆ. ಮನೆಯಲ್ಲಿರುವುದು ಬಿಗಿ ತಿರುಗುವ ಸಾದಾ ಕ್ಯೂಬು. ಅವನ ಕಣ್ಣಿರುವುದು ಒಳಗೆ ಮ್ಯಾಗ್ನೆಟ್ ಇರುವ ಸ್ಪೀಡ್ ಕ್ಯೂಬಿನ ಮೇಲೆ. 1974ರಲ್ಲಿ ಹಂಗೇರಿಯ ಎರ್ನೋ ರೂಬಿಕ್ ಮಾಡಿದ ಆಟಿಕೆ, ಇವತ್ತಿಗೂ ಹುಡುಗರ ಕೈ ಬಿಟ್ಟಿಲ್ಲ. ಫುಟ್‌ಬಾಲ್ ಒದ್ದು ನೋಡುವವನಿಗೆ ಹನ್ನೆರಡು ದಾಟಿದ್ದರೆ 5ನೇ ಸೈಜೇ ಕೊಡಿ. ದೊಡ್ಡವರು ಆಡುವುದೂ ಅದರಲ್ಲೇ. 4ನೇ ಸೈಜು ಕೊಟ್ಟರೆ ನೀನಿನ್ನೂ ಸಣ್ಣವನು ಅಂದ ಹಾಗೆ. ಆ ವಯಸ್ಸಿನಲ್ಲಿ ಅದಕ್ಕಿಂತ ದೊಡ್ಡ ಬೇಜಾರಿಲ್ಲ.

ಅಂಗಡಿಗೇ ಬರದ ಮಕ್ಕಳೂ ಇರುತ್ತಾರೆ. ಅವರನ್ನು ಗಲ್ಲಿಯಲ್ಲಿ ನೋಡಿ. ನಮ್ಮಲ್ಲಿ 31ರ ರಾತ್ರಿ ಸುಡುವುದಕ್ಕೆ ಹುಡುಗರು ಓಲ್ಡ್ ಮ್ಯಾನ್ ಅಂತ ಹಳೇ ವರ್ಷದ ಬೊಂಬೆ ಮಾಡುತ್ತಾರಲ್ಲ, ಹೋದ ವರ್ಷದ್ದನ್ನು ನೆನಪು ಮಾಡಿಕೊಳ್ಳಿ. ನಿಮ್ಮ ಮಗ ಅದಕ್ಕೆ ಮುಖ ಬರೆದನೋ, ಕೋಲು ತಂತಿ ಕಟ್ಟಿ ನಿಲ್ಲಿಸಿದನೋ, ಮನೆ ಮನೆಗೆ ಹೋಗಿ ಪಟ್ಟಿ ಎತ್ತಿದನೋ? ತಂತಿ ಕಟ್ಟಿದವನಿಗೆ ಗಟ್ಟಿಮುಟ್ಟಾದ ಪಕ್ಕಡ ಮತ್ತು ಸ್ಕ್ರೂಡ್ರೈವರ್ ಸೆಟ್ಟು ಕೊಡಿ. ಆಟದ್ದಲ್ಲ, ಮೇಸ್ತ್ರಿ ಇಟ್ಟುಕೊಳ್ಳುವಂಥದ್ದು. ಹೆಣ್ಣುಮಗಳು ಕಟ್ಟಿದ್ದರೆ ಅವಳಿಗೂ ಅದೇ.

ಹದಿನಾರು, ಹದಿನೇಳು ಆದವರಿಗೆ ಕವರಿನಲ್ಲಿ ದುಡ್ಡು ಕೊಟ್ಟರೂ ನಡೆಯುತ್ತದೆ, ಲೆಕ್ಕ ಮಾತ್ರ ಕೇಳಬೇಡಿ. ಡೈರಿ ಕೊಟ್ಟರೆ ಓದಬೇಡಿ. ಮೊಬೈಲ್ ವಿಷಯ ನಿಮ್ಮ ಮನೆಯ ತೀರ್ಮಾನ, ನಾನು ಮಾರುವುದಿಲ್ಲ.

ಇನ್ನೊಂದು. 24ರ ರಾತ್ರಿ ಬರಬೇಡಿ. ಆ ಹೊತ್ತಿಗೆ ನಮ್ಮ ಮನೆಯಲ್ಲೂ ಗೋದಲಿ ಕಟ್ಟುವುದು, ಅಕ್ಕಪಕ್ಕದವರ ತಾಟಿಗೆ ಕೇಕು, ಕುಂದಾ ಜೋಡಿಸುವುದು ಬಾಕಿ ಇರುತ್ತದೆ. ಹತ್ತನೇ ತಾರೀಖಿನೊಳಗೆ ಬನ್ನಿ. ಒಂದು ಪೆನ್ನು ತಗೊಂಡು ಬಾ ಅಂತ ಮಗುವನ್ನು ಒಳಗೆ ಕಳಿಸಿ, ನೀವು ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯಿರಿ. ಎಷ್ಟು ಹೊತ್ತಾದರೂ ಕರೆಯಬೇಡಿ. ಮರುದಿನ ನೀವೊಬ್ಬರೇ ಬಂದು ಕೇಳಿ, ಎಲ್ಲಿ ನಿಂತಿದ್ದ ಅಂತ ಹೇಳುತ್ತೇನೆ.