ಕೇರಂ ಬೋರ್ಡ್ ಮೇಲೆ ಘರ್ಷಣೆಯ ಲೆಕ್ಕ: ಮೂರನೇ ವಾರ

ಕೇರಂ ಬೋರ್ಡ್ ಸ್ಟ್ರೈಕರನ್ನು ಎಷ್ಟು ಹಿಡಿದು ನಿಲ್ಲಿಸುತ್ತದೆ ಅಂತ ಮನೆಯಲ್ಲೇ ಅಳೆಯುತ್ತಿದ್ದೇನೆ. ಹೋದ ವಾರ ತಲೆಕೆಟ್ಟು ನಿಲ್ಲಿಸಿದ್ದೆ. ಸ್ಟ್ರೈಕರನ್ನು ಕಿಟಕಿ ಕಡೆಗೆ ಹೊಡೆದರೆ ಒಂದು ಲೆಕ್ಕ, ಅಡುಗೆಮನೆ ಕಡೆಗೆ ಹೊಡೆದರೆ ಇನ್ನೊಂದು ಲೆಕ್ಕ.

ಅಳೆಯುವ ರೀತಿ ಹಳೆಯದೇ. ಮೇಲಿಂದ ಮೊಬೈಲಿನಲ್ಲಿ ಸ್ಲೋ ಮೋಷನ್, ಸೆಕೆಂಡಿಗೆ 240 ಫ್ರೇಮ್. ಸ್ಟ್ರೈಕರ್ ನಿಂತ ಜಾಗದಿಂದ ಹಿಂದಕ್ಕೆ 60 ಸೆಂ.ಮೀ. ಗುರುತು ಹಾಕಿ, ಆ ದೂರಕ್ಕೆ ಎಷ್ಟು ಫ್ರೇಮ್ ಹಿಡಿಯಿತು ಅಂತ ಎಣಿಸುವುದು. ಹೀಗೆ ಮಾಡಿದರೆ ಹೊಡೆತ ಜೋರೋ ಮೆಲ್ಲಗೋ ಅನ್ನುವ ಚಿಂತೆ ಇಲ್ಲ. ದೂರದ ಎರಡರಷ್ಟನ್ನು ಕಾಲದ ವರ್ಗದಿಂದ ಭಾಗಿಸಿದರೆ ವೇಗ ಇಳಿಯುವ ದರ. ಅದನ್ನು 9.8ರಿಂದ (ಭೂಮಿಯ ಗುರುತ್ವದ ವೇಗೋತ್ಕರ್ಷ) ಭಾಗಿಸಿದರೆ ಘರ್ಷಣಾ ಗುಣಾಂಕ, ಅಂದರೆ ಘರ್ಷಣೆ ತೂಕದ ಎಷ್ಟು ಪಾಲು ಅನ್ನುವ ಸಂಖ್ಯೆ.

ಪೌಡರ್ ಹಾಕಿದ ಬೋರ್ಡಿನಲ್ಲಿ ಕಿಟಕಿ ಕಡೆಗೆ 1.29 ಸೆಕೆಂಡ್, ಅಡುಗೆಮನೆ ಕಡೆಗೆ 1.13. ಪೌಡರ್ ಸಮ ಹರಡಿಲ್ಲ ಅಂದುಕೊಂಡು ಎರಡು ಸಂಜೆ ಉಜ್ಜಿದ್ದೇ ಬಂತು. ಪಿಯುಸಿ ಓದುವ ಮಗಳು ಬಂದವಳೇ ಬೋರ್ಡಿನ ನಡುವೆ ಒಂದು ಗೋಲಿ ಇಟ್ಟಳು. ಅದು ನಿಧಾನಕ್ಕೆ ಕಿಟಕಿ ಕಡೆ ಉರುಳಿತು.

"ಅಪ್ಪಾ, ಬೋರ್ಡೇ ಓರೆ ಇದೆಯಲ್ಲ!"

90 ಸೆಂ.ಮೀ. ಉದ್ದಕ್ಕೆ ಬರೀ 1 ಸೆಂ.ಮೀ. ಇಳಿಜಾರು. ಅಷ್ಟಕ್ಕೇ ಇಷ್ಟು ರಾದ್ಧಾಂತ. ಹಳೇ ಪೇಪರ್ ಮಡಚಿ ಕೆಳಗೆ ಕೊಟ್ಟೆ. ಈಗ ಎರಡೂ ಕಡೆ ಸುಮಾರು 1.2 ಸೆಕೆಂಡ್, ಅಂದರೆ ಗುಣಾಂಕ 0.085. ಪೌಡರ್ ಪೂರ್ತಿ ಒರೆಸಿದರೆ 0.9 ಸೆಕೆಂಡಿಗೇ ನಿಲ್ಲುತ್ತದೆ, ಗುಣಾಂಕ 0.15. ಮಳೆ ಹಿಡಿದ ದಿನ ಇನ್ನೂ ಬೇಗ ನಿಂತಿತು, ಆ ಸಂಖ್ಯೆಯನ್ನು ಲೆಕ್ಕಕ್ಕೆ ಸೇರಿಸಿಲ್ಲ.

ಸ್ಟ್ರೈಕರ್ ಮೇಲೆ ಎರಡು ಕಾಯಿ ಅಂಟಿಸಿಯೂ ನೋಡಿದೆ. 15 ಗ್ರಾಂ ಇದ್ದದ್ದು 25 ಆಯಿತು, ಸಮಯ ಮಾತ್ರ ಬದಲಾಗಲಿಲ್ಲ. ಭಾರ ಜಾಸ್ತಿಯಾದಷ್ಟು ಘರ್ಷಣೆಯೂ ಜಾಸ್ತಿ ಅಂತ ಫ್ರಾನ್ಸಿನ ವಿಜ್ಞಾನಿ ಅಮಾಂಟನ್ 1699ರಲ್ಲೇ ಹೇಳಿದ್ದ. ಆದರೆ ನಿಲ್ಲಿಸಬೇಕಾದ ತೂಕವೂ ಅಷ್ಟೇ ಜಾಸ್ತಿಯಾಯಿತು, ಅಲ್ವಾ?

ಗಾಳಿಯ ತಡೆಯನ್ನೂ ಲೆಕ್ಕ ಹಾಕಿದೆ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಅದು ಘರ್ಷಣೆಯ ಅರವತ್ತರಲ್ಲಿ ಒಂದು ಪಾಲೂ ಕಷ್ಟ. ಗಾಳಿಯನ್ನು ನೋಡಬೇಕಾದರೆ ಬೋರ್ಡ್ ಬಿಟ್ಟು ಏಳಲೇಬೇಕು.

ಅದಕ್ಕೇ ಭಾನುವಾರ ಮೆಟ್ಟಿಲ ಮೇಲಿಂದ ಕಪ್‌ಕೇಕ್ ಮಾಡುವ ಪೇಪರ್ ಕಪ್ಪುಗಳನ್ನು ಬಿಟ್ಟೆವು. 3 ಮೀಟರ್ ಎತ್ತರ, ಕೆಳಗಿನ ಒಂದೂವರೆ ಮೀಟರ್ ಮಾತ್ರ ಅಳತೆ. ಅಷ್ಟರಲ್ಲಿ ಗಾಳಿಯ ತಡೆ ತೂಕಕ್ಕೆ ಸಮ ಬಂದು ಕಪ್ ಒಂದೇ ವೇಗದಲ್ಲಿ ಇಳಿಯುತ್ತಿರುತ್ತದೆ. ಒಂದು ಕಪ್ಪಿಗೆ 1.02 ಸೆಕೆಂಡ್. ನಾಲ್ಕು ಕಪ್ ಒಂದರೊಳಗೊಂದು ಸೇರಿಸಿ ಬಿಟ್ಟರೆ 0.53. ತೂಕ ನಾಲ್ಕು ಪಟ್ಟು, ವೇಗ ಸರಿಸುಮಾರು ಎರಡು ಪಟ್ಟು. ತಡೆ ವೇಗದ ವರ್ಗದಂತೆ ಏರುತ್ತದೆ ಅನ್ನುವುದು ಕಣ್ಣೆದುರೇ ಕಂಡಿತು. ಘರ್ಷಣೆಗೆ ಈ ಬುದ್ಧಿ ಇಲ್ಲ. ಬೋರ್ಡಿನ ಮೇಲೆ ಜೋರಾಗಿ ಹೋದರೂ ಅದು ಹೆಚ್ಚುಕಡಿಮೆ ಅಷ್ಟೇ ಹಿಡಿಯುತ್ತದೆ.

ಒಂಬತ್ತು ಕಪ್ ಬಿಟ್ಟರೆ ಮೂರು ಪಟ್ಟು ಬರಬೇಕು. ಅದಕ್ಕೆ ನಮ್ಮ ಮೆಟ್ಟಿಲಿನ ಎತ್ತರ ಸಾಲದು, ತಾರಸಿಯಿಂದ ಬಿಟ್ಟರೆ ಗಾಳಿ ಹೊತ್ತೊಯ್ಯುತ್ತದೆ. ಎದುರಿನ ಅಪಾರ್ಟ್‌ಮೆಂಟಿನ ಮೆಟ್ಟಿಲಿಗೆ ವಾಚ್‌ಮನ್ ಹತ್ತಿರ ಕೇಳಿದ್ದೇನೆ. ನಕ್ಕ, ಇನ್ನೂ ಹೂಂ ಅಂದಿಲ್ಲ.