‘ಲೂಸಿ ಬಾರ್ಟನ್’ ಓದು: ಮೂರು ವಾರದ ಲೆಕ್ಕ

ನಮ್ಮ ಓದುಬಳಗದ ಈ ಸುತ್ತಿನ ಪುಸ್ತಕ ಅಮೆರಿಕದ ಲೇಖಕಿ ಎಲಿಜಬೆತ್ ಸ್ಟ್ರೌಟ್ ಅವರ ಇಂಗ್ಲಿಷ್ ಕಾದಂಬರಿ ‘ಮೈ ನೇಮ್ ಈಸ್ ಲೂಸಿ ಬಾರ್ಟನ್’ (2016). ಕೆಲಸ ಎರಡು. ಯಾರಿಗೆ ಎಲ್ಲಿ ಹಿಡಿಸಿತು, ಎಲ್ಲಿ ಬೇಸರ ಬಂತು ಅಂತ ಪುಟದ ಮೇಲೇ ಗುರುತು ಹಾಕುವುದು; ವಾದ ಎದ್ದ ಜಾಗಗಳನ್ನು ಕನ್ನಡಕ್ಕೆ ತಂದು ನೋಡುವುದು.

ಪುಸ್ತಕ ತೆರೆಯದವರಿಗೆ ಇಷ್ಟು ಗೊತ್ತಿದ್ದರೆ ಸಾಕು. 1980ರ ದಶಕದ ನಡುಭಾಗ, ನ್ಯೂಯಾರ್ಕಿನ ಆಸ್ಪತ್ರೆ. ಅಪೆಂಡಿಕ್ಸ್ ತೆಗೆದ ಮೇಲೆ ಏನೋ ತೊಡಕಾಗಿ ಲೂಸಿ ಹೆಚ್ಚುಕಡಿಮೆ 9 ವಾರ ಅಲ್ಲೇ. ಕಿಟಕಿಯಾಚೆ ಕ್ರೈಸ್ಲರ್ ಕಟ್ಟಡದ ದೀಪ. ವರ್ಷಗಟ್ಟಲೆ ಭೇಟಿಯಿಲ್ಲದ ತಾಯಿ ಇಲಿನಾಯ್‌ನ ಸಣ್ಣ ಊರಿಂದ ಬಂದು 5 ದಿನ ಕುರ್ಚಿಯಲ್ಲಿ ಕೂರುತ್ತಾಳೆ, ಊರಲ್ಲಿ ಯಾರ್ಯಾರ ಸಂಸಾರ ಹೇಗೆ ಒಡೆಯಿತು ಅಂತ ಹೇಳುತ್ತಾಳೆ, ಹೊರಟುಬಿಡುತ್ತಾಳೆ. ‘ಅಷ್ಟೇನಾ?’ ಅಂದವರಿಗೆ ಉತ್ತರ: ಅಷ್ಟೇ.

ಮೊದಲ ವಾರ ಕೆಟ್ಟಿತು. ವಾರಕ್ಕೆ 50 ಪುಟ, ಕೊನೆಗೆ ‘ಇಷ್ಟವಾಯಿತೇ?’ ಅನ್ನುವ ಪ್ರಶ್ನೆ, 5ಕ್ಕೆ ಎಷ್ಟು ಅಂಕ. ಬಂದ ಉತ್ತರಗಳು: ‘ಏನೂ ನಡೆಯೋದೇ ಇಲ್ಲ’, ‘ಮನಸ್ಸಿಗೆ ತಟ್ಟಿತು’. ಎರಡರಿಂದಲೂ ಉಪಯೋಗವಿಲ್ಲ, ಯಾವ ಸಾಲಿಗೆ ಹೇಳಿದ್ದು ಅಂತ ಗೊತ್ತಾಗುವುದಿಲ್ಲ. ಪುಟ ಹಂಚಿದ್ದೂ ತಪ್ಪೇ. ಅಧ್ಯಾಯಗಳು ತೀರಾ ಚಿಕ್ಕವು. ಆಸ್ಪತ್ರೆಯಿಂದ ಗ್ಯಾರೇಜಿನಲ್ಲಿ ಕಳೆದ ಬಾಲ್ಯಕ್ಕೆ, ಅಲ್ಲಿಂದ ಮುಂದಿನ ವರ್ಷಗಳ ದಾಂಪತ್ಯಕ್ಕೆ ಕಥೆ ಹಾರುತ್ತದೆ. ನಡುವೆ 7 ದಿನ ಬಿಟ್ಟರೆ ಯಾವ ಕಾಲದಲ್ಲಿದ್ದೇವೆ ಅನ್ನುವುದೇ ಮರೆತುಹೋಗುತ್ತದೆ. ಈಗ ಎರಡೇ ಸಲ ಕೂತು ಮುಗಿಸಿ ಅಂತ ಹೇಳಿದ್ದೇವೆ. 200 ಪುಟ ದಾಟದ ಪುಸ್ತಕ, ಆಗುತ್ತದೆ.

ಎರಡನೇ ವಾರದಿಂದ ಅಂಕ ಬಿಟ್ಟು ಪೆನ್ಸಿಲ್ ಹಿಡಿದೆವು. ಅಂಚಿನಲ್ಲಿ ಮೂರು ಗುರುತು. ಕೇಳಿದ ಪ್ರಶ್ನೆಗೆ ಉತ್ತರ ಬಾರದೆ ಮಾತು ಬೇರೆ ಕಡೆ ತಿರುಗಿದರೆ ಸೊನ್ನೆ. ‘ಹಾಗಿತ್ತೋ ಏನೋ’ ಅಂತ ಲೂಸಿ ತನ್ನ ನೆನಪನ್ನೇ ಅನುಮಾನಿಸಿದರೆ ಅಡ್ಡಗೆರೆ. ಪುಸ್ತಕ ಕೆಳಗಿಡಬೇಕು ಅನ್ನಿಸಿದಲ್ಲಿ ಗುಣಿಸು ಚಿಹ್ನೆ. ಪ್ರತಿಗಳನ್ನು ಪಕ್ಕಪಕ್ಕ ಇಟ್ಟಾಗ ಕಂಡದ್ದು: ಒಬ್ಬರು ಸೊನ್ನೆ ಹಾಕಿದ ಜಾಗದಲ್ಲೇ ಇನ್ನೊಬ್ಬರ ಗುಣಿಸು. ಉದಾಹರಣೆಗೆ, ‘ನನ್ನ ಎರಡು ಕಥೆ ಅಚ್ಚಾಗಿವೆ’ ಅಂತ ಮಗಳು ಹೇಳುತ್ತಾಳೆ. ತಾಯಿ ಒಮ್ಮೆ ಅವಳನ್ನು ನೋಡಿ ಕಿಟಕಿಯ ಕಡೆ ತಿರುಗುತ್ತಾಳೆ. ಬೇಸರಪಟ್ಟವರು ಓದದೆ ಹಾರಿಸಿದ್ದಾರೆ ಅನ್ನುವ ಹಾಗಿಲ್ಲ. ಅವರೂ ಅದೇ ಮೌನ ಕೇಳಿಸಿಕೊಂಡವರೇ, ತಡೆಯಲಾಗಲಿಲ್ಲ ಅಷ್ಟೆ.

ಹೆಚ್ಚು ಗದ್ದಲ ಎದ್ದದ್ದು ತಾಯಿ ಹೊರಡುವ ಕಡೆ. ಇನ್ನೊಂದು ಆಪರೇಷನ್ ಬೇಕಾಗಬಹುದು ಅಂದ ಕೂಡಲೇ ಅವಳು ಊರಿಗೆ ಹೊರಟು ನಿಲ್ಲುತ್ತಾಳೆ. ‘ಡಿಸ್ಚಾರ್ಜ್ ಆಗೋ ಮುಂಚೆ ಅಮ್ಮ ಹೋಗ್ತಾಳಾ?’ ರೋಗಿಯ ಜೊತೆಗೆ ಮನೆಯವರೊಬ್ಬರು ಇರಲೇಬೇಕು ಅನ್ನುವ ನಮ್ಮ ಕಡೆ ಈ ಪ್ರಶ್ನೆ ಸಹಜ. ಅವಳನ್ನು ಕಟುಕಿ ಅಂದವರಿಗೆ ನಾವು ತೋರಿಸಿದ್ದು ಹಿಂದಿನ ಇನ್ನೊಂದು ಜಾಗ. ರಾತ್ರಿ ಲೂಸಿಯನ್ನು ಪರೀಕ್ಷೆಗೆ ಕೆಳಗೆ ಒಯ್ದಿರುತ್ತಾರೆ. ಮುಗಿಸಿ ಬರುವಾಗ ತಾಯಿ ಅಲ್ಲೇ ಕೂತಿದ್ದಾಳೆ. ಹಿಂದೆಂದೂ ವಿಮಾನ ಹತ್ತದ ಹೆಂಗಸು ಆ ದೊಡ್ಡ ಆಸ್ಪತ್ರೆಯಲ್ಲಿ ದಾರಿ ಹುಡುಕಿದ್ದಾಳೆ. ಹೇಗೆ ಬಂದೆ ಅಂದರೆ, ಬಾಯಿದೆಯಲ್ಲ, ಕೇಳಿಕೊಂಡು ಬಂದೆ ಅನ್ನುವ ಅರ್ಥದ ಒಣ ಮಾತು. ಇದನ್ನು ಗಟ್ಟಿಯಾಗಿ ಓದಿದ ಮೇಲೂ ಕಟುಕಿ ಅಂದವರು ಪೂರ್ತಿ ಸೋಲಲಿಲ್ಲ. ಸೋಲಬೇಕಾಗಿಯೂ ಇಲ್ಲ.

ಮೂರನೇ ವಾರ ಕನ್ನಡದ ಕೆಲಸ, ಇಲ್ಲಿ ಎರಡು ಸಲ ಎಡವಿದೆವು. ಹಳ್ಳಿಯವಳು, ಮನೆಯಲ್ಲೇ ಹೊಲಿಗೆ ಮಾಡುವವಳು ಅಂತ ತಾಯಿಗೆ ಧಾರವಾಡದ ಕಡೆಯ ಮಾತು ಕೊಟ್ಟೆವು. ಮೊದಲ ಪುಟದಲ್ಲೇ ಅವಳು ‘ಯಾಕವಾ’ ಅಂದಳು, ಅಲ್ಲಿಗೆ ಕಾದಂಬರಿ ಮುಗಿಯಿತು! ನಮ್ಮ ‘ಅವ್ವಾ’, ‘ಪುಟ್ಟಿ’, ‘ಮಗಳೇ’ ಎಲ್ಲದರಲ್ಲೂ ಅಕ್ಕರೆ ತುಂಬಿಕೊಂಡಿದೆ. ಅವಳು 5 ದಿನ ಬಚ್ಚಿಟ್ಟದ್ದನ್ನು ನಾವು ಒಂದು ಕರೆಯಲ್ಲಿ ಸುರಿದುಬಿಟ್ಟೆವು. ಈಗ ಎಲ್ಲ ಕರೆಗಳನ್ನೂ ತೆಗೆದು, ತಾಯಿ ಲೂಸಿಯನ್ನು ಕರೆಯುವ ‘ವಿಜಲ್’ ಅನ್ನುವ ಅಡ್ಡಹೆಸರೊಂದನ್ನೇ ಉಳಿಸಿದ್ದೇವೆ. ಮೂಲದಲ್ಲೂ ಮಮತೆ ಸೋರುವುದು ಆ ಹೆಸರಿನಿಂದಲೇ. (ತಾಯಿ ನರ್ಸುಗಳಿಗೆ ಇಟ್ಟ ಅಡ್ಡಹೆಸರುಗಳಲ್ಲಿ ‘ಹಲ್ಲುನೋವು’ ಮಾತ್ರ ಸಲೀಸಾಗಿ ಕನ್ನಡಕ್ಕೆ ಬಂತು.)

ಎರಡನೇ ಎಡವು ‘ಲವ್’. ಮಗಳು ತಾಯಿಯನ್ನು ನೇರವಾಗಿ ಕೇಳುವ ಕಡೆ ‘ನನ್ನ ಪ್ರೀತಿಸ್ತೀಯಾ?’ ಅಂತ ಬರೆದರೆ ಸಿನಿಮಾ ಡೈಲಾಗು. ‘ನನ್ನ ಮೇಲೆ ಮಮತೆ ಇದೆಯಾ?’ ಅಂದರೆ ಪಠ್ಯಪುಸ್ತಕ. ಮೂರನೆಯದು ನಿಂತಿತು: ‘ನನ್ನ ಕಂಡ್ರೆ ನಿಂಗೆ ಇಷ್ಟಾನಾ?’ ಮೂಲದಲ್ಲಿ ತಾಯಿ ಸಾಕು ಮಾಡು ಅನ್ನುತ್ತಾಳೆ, ಮಗಳು ಬಿಡುವುದಿಲ್ಲ; ಕಣ್ಣು ಮುಚ್ಚಿಕೊಂಡು ಮತ್ತೆ ಕೇಳುತ್ತಾಳೆ. ‘ಕಂಡ್ರೆ’ ಅನ್ನುವ ಮಾತು ಅಲ್ಲಿಗೆ ತಾನಾಗಿಯೇ ಜೋಡಿಯಾಯಿತು.

‘ನಾನು ಕಣ್ಣು ಮುಚ್ಕೊಂಡಿದ್ದಾಗ?’
‘ಕಣ್ಣು ಮುಚ್ಕೊಂಡಿದ್ದಾಗ.’

ಮೊದಲ ಕರಡಿನಲ್ಲಿ ತಾಯಿಯ ಉತ್ತರಕ್ಕೆ ‘ಹೂಂ’ ಸೇರಿತ್ತು, ಹೊಡೆದುಹಾಕಿದೆವು. ಅವಳು ಮಗಳ ಮಾತನ್ನೇ ಹಿಂದಕ್ಕೆ ಕೊಡುತ್ತಾಳೆ, ಒಪ್ಪಿಗೆಯ ಪದ ಬರುವುದಿಲ್ಲ. ಇದನ್ನು ಓದಿದಾಗ ಗುಣಿಸು ಹಾಕಿದ್ದ ಇಬ್ಬರು ಅದನ್ನು ಅಳಿಸಿ ಸೊನ್ನೆ ಮಾಡಿದರು. ಒಬ್ಬರು ಅಳಿಸಲಿಲ್ಲ: ‘ಇಷ್ಟು ಕೇಳಿ ಪಡೆಯೋ ಪ್ರೀತಿ ಯಾಕೆ ಬೇಕು?’ ಅದನ್ನೂ ಹಾಗೆಯೇ ಬರೆದಿಟ್ಟಿದ್ದೇವೆ.

ಮುಂದಿನ ವಾರ ಷಿಕಾಗೋ ಭಾಗ. ಈಗ ಹಾಸಿಗೆಯಲ್ಲಿರುವವಳು ತಾಯಿ, ಕುರ್ಚಿ ಮಗಳದು, ಮತ್ತು ತಾಯಿ ಅವಳಿಗೆ ಹೋಗು ಅನ್ನುತ್ತಾಳೆ. ಆ ಪುಟಗಳಿಗೆ ಹೊಸ ಪೆನ್ಸಿಲ್ ತನ್ನಿ; ಹಳೆಯ ಗುರುತು ಅಳಿಸಬೇಡಿ.